ಪಗಾರ ಎಷ್ಟು ಅಂತ ಅಪ್ಪನಿಗೆ ಹೇಳದ ಇಂಜಿನಿಯರ್

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನಾನು ಆಪ್ತಸಮಾಲೋಚಕಿ. ಕೊಪ್ಪಳದ ನನ್ನ ಕೋಣೆಗೆ ಅವರನ್ನು ಕರೆತಂದಿದ್ದು ಹೆಂಡತಿ. "ರಾತ್ರಿ ಎದ್ದು ಗ್ಯಾಸ್ ಬಂದ್ ಆಗೇತೇನು ಅಂತ ನಾಕು ಸಲ ನೋಡ್ತಾರ್ರೀ" ಅಂದರು. ಗಂಡ ಸುಮ್ನೆ ನೆಲ ನೋಡುತ್ತಾ ಕೂತಿದ್ದರು. ಗಂಗಾವತಿ ಕಡೆಯವರು, ಬೆಂಗಳೂರಿನಲ್ಲಿ ಒಂದು ವಿಮಾನ ಕಂಪನಿಯ ನಿರ್ವಹಣಾ ಇಂಜಿನಿಯರ್. ರಜೆ ಮೇಲೆ ಊರಿಗೆ ಬಂದಿದ್ದರು.

ಮೊದಲ ದಿನ ಬರೀ ಪಗಾರದ ಮಾತು. 2020ರಲ್ಲಿ ಕೊರೊನಾ ಅಂತ ಕಡಿತ ಮಾಡಿದ್ದು ಪೂರ್ತಿ ವಾಪಸ್ ಬಂದಿಲ್ಲ. ವಿಮಾನ ಜಾಸ್ತಿ ಆದವು, ರಾತ್ರಿ ಪಾಳಿ ಜಾಸ್ತಿ ಆಯಿತು, ನೌಕರರ ಸಂಘ ಬರೆದ ಪತ್ರಗಳಿಗೆ ಉತ್ತರವಿಲ್ಲ. "ನಾವು ಸಹಿ ಹಾಕದ ವಿಮಾನ ಏಳೂದಿಲ್ರೀ ಮೇಡಂ. ಆದ್ರ ನಮ್ಮ ಕೆಲಸ ಕಣ್ಣಿಗೆ ಕಾಣೂದಿಲ್ಲ. ನಮ್ಮ ಡ್ಯಾಮಿನ 19ನೇ ಗೇಟಿನ ಚೈನ್ ಕಡದ ಮ್ಯಾಲೇ ಅಲ್ಲೊಂದು ಚೈನ್ ಇತ್ತು ಅಂತ ಮಂದಿಗೆ ಗೊತ್ತಾತು, ಹಂಗ." 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ ನೀರು ಹರಿದು ಹೋಗುವುದನ್ನು ನೋಡಿದ ನಮಗೆ ಇದಕ್ಕಿಂತ ಜಾಸ್ತಿ ವಿವರಣೆ ಬೇಕಾ?

ಎರಡನೇ ದಿನ ಗ್ಯಾಸಿನ ಗುಟ್ಟು ಹೊರಬಂತು. ಪಗಾರದ ಚೀಟಿ ನೋಡಿ ತಲೆ ಕೆಟ್ಟಿದ್ದ ಒಂದು ರಾತ್ರಿ, ಚಕ್ರ ಬದಲಿಸುವ ಕೆಲಸ. ನನ್ನ ಪೆನ್ನಿನ ಕ್ಯಾಪ್ ಹಿಡಿದು ತೋರಿಸಿದರು: ಚಕ್ರ ತಿರುಗಿಸುತ್ತಾ ನಟ್ ಬಿಗಿ ಮಾಡಬೇಕು, ಆಮೇಲೆ ಸಡಿಲ ಮಾಡಬೇಕು, ಮತ್ತೆ ಕಡಿಮೆ ಟಾರ್ಕಿಗೆ, ಅಂದರೆ ಕಡಿಮೆ ತಿರುಗಿಸುವ ಬಲಕ್ಕೆ, ಬಿಗಿ ಮಾಡಬೇಕು. ಸಹಿ ಹಾಕಲು ಪೆನ್ ತೆಗೆದಾಗ ಕೊನೆಯ ಬಿಗಿ ಮಾಡಿದೆನಾ ಅನ್ನೋದೇ ನೆನಪಾಗಲಿಲ್ಲ. ಬಿಚ್ಚಿ ಮೊದಲಿನಿಂದ ಮಾಡಿದರು. ವಿಮಾನ ತಡವಾಯಿತು, ಬೈಗುಳ ತಿಂದರು. ಅವತ್ತಿನಿಂದ ತಮ್ಮ ಕೈ ಮೇಲೆ ನಂಬಿಕೆ ಹೋಯಿತು. ನನ್ನ ಪ್ರಕಾರ ಅವತ್ತು ಅವರು ಮಾಡಿದ್ದು ತಪ್ಪಲ್ಲ, ಕೆಲಸ. ಹಾಗಂತ ಹೇಳಿದೆ ಕೂಡ. ನಂಬಲಿಲ್ಲ.

ಅವರ ಹ್ಯಾಂಗರಿನ (ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಶೆಡ್) ಗೋಡೆ ಮೇಲೆ 'ಡರ್ಟಿ ಡಜನ್' ಪೋಸ್ಟರ್ ಇದೆಯಂತೆ. ಮನುಷ್ಯ ತಪ್ಪು ಮಾಡಲು 12 ಕಾರಣಗಳು. ಆಯಾಸ, ಒತ್ತಡ ಎಲ್ಲ ಅದರಲ್ಲಿವೆ. ನಾನು ಹೇಳಬೇಕಾದ ಅರ್ಧ ಪಾಠ ಅವರಿಗೆ ಬಾಯಿಪಾಠ!

ಅಷ್ಟರಲ್ಲಿ ವಾಟ್ಸಾಪಿನಲ್ಲಿ ಗೆಳೆಯರ ಸಂದೇಶ: 'ಸೋಮವಾರ ಎಲ್ಲರಿಗೂ ಜ್ವರ.' 2022ರ ಜುಲೈನಲ್ಲೂ ಕೆಲವು ಕಡೆ ವಿಮಾನ ತಂತ್ರಜ್ಞರು ಹೀಗೇ ಒಟ್ಟಿಗೆ ಸಿಕ್ ಲೀವ್ ಹಾಕಿದ್ದು ಸುದ್ದಿಯಾಗಿತ್ತು. ಗೆಳೆಯರ ಜೊತೆ ಸೇರದಿದ್ದರೆ ದ್ರೋಹಿ, ಸೇರಿದರೆ ಕೆಲಸಕ್ಕೆ ಕುತ್ತು. ಏನು ಮಾಡಲಿ ಅಂತ ಕೇಳಿದರು.

ನಾನು ವಕೀಲೆ ಅಲ್ಲ. ಆದರೂ ಸುಳ್ಳು ಜ್ವರ ಬೇಡ ಅಂದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅನ್ನೋ ಕಾನೂನಿನಲ್ಲಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರು ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಸಿಕ್ ಲೀವ್‌ಗೆ, ಲೈಸೆನ್ಸ್ ಇರುವ ಇಂಜಿನಿಯರಿಗೆ ಇದು ಹೇಗೆ ತಾಗುತ್ತೆ ಅಂತ ಸಂಘದ ವಕೀಲರನ್ನು ಕೇಳಿಕೊಳ್ಳಿ, ತಕರಾರನ್ನು ಕೇಂದ್ರ ಕಾರ್ಮಿಕ ಆಯುಕ್ತರ ಕಚೇರಿಗೆ ಒಯ್ಯಲು ಸಂಘಕ್ಕೆ ಹೇಳಿ, ಪಗಾರದ ಚೀಟಿಗಳನ್ನು ಜೋಪಾನ ಮಾಡಿ ಅಂದೆ. ಆದರೆ ನಿದ್ದೆಗೆಟ್ಟು ನಿಜವಾಗಿಯೂ ತಲೆ ಓಡದ ದಿನ ಸಹಿ ಹಾಕಬೇಡಿ. ಹಾಗಂತ ಪಾಳಿಯ ಮುಖ್ಯಸ್ಥರಿಗೆ ಬರೆದು ಕೊಡಿ. ಅದು ನಾಟಕ ಅಲ್ಲ.

ನಿದ್ದೆಗಾಗಿ ಮನೋವೈದ್ಯರ ಹತ್ತಿರ ಕಳಿಸಿದೆ. ಮಾತ್ರೆ ಕೊಟ್ಟರೆ ಕಂಪನಿ ಡಾಕ್ಟರಿಗೆ ತಿಳಿಸದೆ ಡ್ಯೂಟಿಗೆ ಹೋಗಬೇಡಿ ಅಂತ ಎರಡು ಸಲ ಹೇಳಿದೆ. ಪಾಳಿಯ ನಡುರಾತ್ರಿ ಮನಸ್ಸು ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳೋದಿಲ್ಲ.

ನಿಜವಾದ ಗಂಟು ಮೂರನೇ ದಿನ ಬಿಚ್ಚಿತು. ಅಪ್ಪ ಎರಡು ಎಕರೆ ಗದ್ದೆ ಮಾರಿ ಓದಿಸಿದ್ದರು. 'ಮಗನಿಗೆ ಲಕ್ಷಗಟ್ಲೆ ಪಗಾರ' ಅಂತ ಊರಲ್ಲೆಲ್ಲ ಹೇಳಿಕೊಂಡಿದ್ದರು. ಆ ಮಾತು ಉಳಿಸಲು ಮಗ ಸಾಲ ಮಾಡಿ ತಿಂಗಳು ತಿಂಗಳು ಊರಿಗೆ ದುಡ್ಡು ಕಳಿಸುತ್ತಿದ್ದರು. ಹೆಂಡತಿಗೂ ಗೊತ್ತಿರಲಿಲ್ಲ. ಕಂಪನಿ ಜೊತೆಗಿನ ಜಗಳ ಸಂಘ ನೋಡಿಕೊಳ್ಳಲಿ, ಇದು ನಿಮ್ಮೊಬ್ಬರದೇ, ಇವತ್ತೇ ಮುಗಿಸಿ ಅಂದೆ. ಪಗಾರದ ಚೀಟಿ ಅಪ್ಪನ ಕೈಗೆ ಕೊಡಿ, ಮಾತು ಬೇಡ.

ಕೊಟ್ಟರಂತೆ. ಅಪ್ಪ ಕನ್ನಡಕ ಹುಡುಕಿ ಹಾಕಿಕೊಂಡು, ತುಂಬಾ ಹೊತ್ತು ಓದಿ, ಒಂದೇ ಮಾತು ಕೇಳಿದರಂತೆ: "ಸಾಲಕ್ಕ ಬಡ್ಡಿ ಎಷ್ಟೋ?"