ಕೊಡವ ಪದ್ಧತಿಯ ಮದುವೆ: ಅಮೆರಿಕ ವೀಸಾ ಸಂದರ್ಶನದಲ್ಲಿ ತೊಂದರೆಯಾಗುತ್ತದೆಯೇ?

ಪತಿ ಅಮೆರಿಕದ ಪ್ರಜೆ, ಮದುವೆ ವಿರಾಜಪೇಟೆಯಲ್ಲಿ ಆಯಿತು, ಸಂದರ್ಶನ ಮುಂಬೈ ಕಾನ್ಸುಲೇಟ್‌ನಲ್ಲಿ ಎಂದಿದ್ದೀರಿ. ಪದ್ಧತಿಯ ಬಗ್ಗೆ ಹೆದರಬೇಡಿ. ಅಧಿಕಾರಿ ನೋಡುವುದು ಮದುವೆ ಕಾನೂನುಬದ್ಧವೇ, ದಾಂಪತ್ಯ ನಿಜವೇ ಎಂಬುದನ್ನು. ಮೊದಲನೆಯದಕ್ಕೆ ನೋಂದಣಿ ಕಚೇರಿಯ ವಿವಾಹ ಪ್ರಮಾಣಪತ್ರವೇ ಬೇಕು. ಆಮಂತ್ರಣ ಪತ್ರಿಕೆ ಅದರ ಜಾಗ ತುಂಬುವುದಿಲ್ಲ.

ನಮ್ಮ ಕೊಡವ ಮದುವೆಯ ಫೋಟೊಗಳಲ್ಲಿ ಪುರೋಹಿತರೂ ಇಲ್ಲ, ಹೋಮಕುಂಡವೂ ಇಲ್ಲ. ಏಕೆಂದು ಕೇಳಿದರೆ ನೇರವಾಗಿ ಹೇಳಿ: ನಮ್ಮಲ್ಲಿ ಹಿರಿಯರು ಅಕ್ಕಿ ಹಾಕಿ ಹರಸುವುದೇ ಮುಹೂರ್ತ. ಗಂಗಾಪೂಜೆಯಲ್ಲಿ ನೀವು ನೀರು ಹೊತ್ತು ಬರುತ್ತಿರುವಾಗ ಗಂಡಿನ ಕಡೆಯವರು ದಾರಿಗೆ ಅಡ್ಡವಾಗಿ ಕುಣಿಯುವ ಫೋಟೊ ಇದ್ದರೆ ಖಂಡಿತ ಒಯ್ಯಿರಿ. ಎರಡೂ ಕುಟುಂಬ ಒಂದೇ ಚಿತ್ರದಲ್ಲಿ ಕಾಣುವುದು ಸ್ಟುಡಿಯೊ ಚಿತ್ರಗಳಿಗಿಂತ ಎಷ್ಟೋ ಮೇಲು.

ನನಗೆ ಹೆಚ್ಚು ಚಿಂತೆ ಹೆಸರಿನದು. ಮನೆಹೆಸರು ಒಂದು ದಾಖಲೆಯಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ, ಮತ್ತೊಂದರಲ್ಲಿ ಬರೀ ಇನಿಷಿಯಲ್ ಆಗಿರುವುದು ಕೊಡಗಿನಲ್ಲಿ ಸಾಮಾನ್ಯ. ವಲಸೆ ವೀಸಾಕ್ಕೆ ತುಂಬುವ ಡಿಎಸ್-260 ಅರ್ಜಿಯಲ್ಲಿ ಬೇರೆ ಹೆಸರುಗಳನ್ನು ಕೇಳುವ ಕಡೆ ಆ ರೂಪಗಳನ್ನೆಲ್ಲ ಬರೆಯಿರಿ.

ವೈದ್ಯಕೀಯ ತಪಾಸಣೆಯನ್ನು ಕಾನ್ಸುಲೇಟ್ ಮಾನ್ಯ ಮಾಡಿದ ವೈದ್ಯರಲ್ಲೇ ಮೊದಲೇ ಮುಗಿಸಿ. ಪೊಲೀಸ್ ಪ್ರಮಾಣಪತ್ರ, ಜನನ ಪ್ರಮಾಣಪತ್ರದ ಮೂಲಪ್ರತಿ ಜೊತೆಗಿರಲಿ. ಸಂದರ್ಶನಕ್ಕೆ ಪತಿ ಬರಲೇಬೇಕೆಂದಿಲ್ಲ. ಪ್ರಮಾಣ ಮಾಡಿಸಿಯೇ ಪ್ರಶ್ನೆ ಕೇಳುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಸುಳ್ಳು ಸಿಕ್ಕಿಬಿದ್ದರೆ ಶಾಶ್ವತ ನಿಷೇಧದವರೆಗೂ ಹೋಗಬಹುದು. ಅಮೆರಿಕ ತಲುಪುವ ದಿನ ಮದುವೆಯಾಗಿ 2 ವರ್ಷ ತುಂಬಿರದಿದ್ದರೆ ಸಿಗುವ ಗ್ರೀನ್ ಕಾರ್ಡ್ (ಕಾಯಂ ವಾಸದ ಕಾರ್ಡ್) 2 ವರ್ಷದ, ಷರತ್ತಿನ ಮೇಲೆ ಕೊಡುವಂಥದ್ದು. ಅದರ ಷರತ್ತು ತೆಗೆಸಲು ಅವಧಿ ಮುಗಿಯುವ ಹಿಂದಿನ 90 ದಿನಗಳೊಳಗೆ ಇಬ್ಬರೂ ಸೇರಿ ಅರ್ಜಿ ಹಾಕಬೇಕು.