ಇಎಂಐ ಬೇಡ, ಗೇರ್ ನೋಡಿ ತಗೊಳ್ಳಿ

ಸುಂಟಿಕೊಪ್ಪದಿಂದ 20 ವರ್ಷದ ಓದುಗರೊಬ್ಬರು ಬರೆದಿದ್ದಾರೆ. ಮಡಿಕೇರಿಯಲ್ಲಿ ಡಿಗ್ರಿ, ಶನಿವಾರ ಭಾನುವಾರ ಹೋಂಸ್ಟೇಯಲ್ಲಿ ಕೆಲಸ, ಕೂಡಿಟ್ಟಿರುವುದು 22 ಸಾವಿರ. ಕಣ್ಣು ಬಿದ್ದಿರುವುದು ಮುಂದೆ ಸಸ್ಪೆನ್ಷನ್ ಇರುವ 38 ಸಾವಿರದ ಸೈಕಲ್ ಮೇಲೆ. ಮನೆಯಲ್ಲಿ ಒಂದು ರೂಪಾಯಿ ಕೇಳಲ್ಲ ಎಂದು ಹಟ. ಅಪ್ಪ "ಅದೇ ದುಡ್ಡಿಗೆ ಹಳೇ ಬೈಕ್ ಬರುತ್ತಲ್ಲ" ಅನ್ನುತ್ತಾರಂತೆ. ಉಳಿದದ್ದಕ್ಕೆ ಇಎಂಐ ಮಾಡಲಾ, ಮನೆಗೆ ಹೇಳದೆ ತರಲಾ ಎಂದು ಕೇಳಿದ್ದಾರೆ.

ಇಎಂಐ ಬೇಡ. ಜೋರು ಮಳೆ ಹಿಡಿದರೆ ಹೋಂಸ್ಟೇ ಬುಕಿಂಗ್ ರದ್ದಾಗುತ್ತದೆ, ನಿಮ್ಮ ಸಂಬಳವೂ ಕರಗುತ್ತದೆ, ಕಂತು ಮಾತ್ರ ತಾರೀಕಿಗೆ ಸರಿಯಾಗಿ ಬರುತ್ತದೆ. ಬಡ್ಡಿ ಇಲ್ಲ ಅನ್ನುವ ಕಡೆಯೂ ಪ್ರೊಸೆಸಿಂಗ್ ಫೀ ಅಂತ ಒಂದಿಷ್ಟು ಎಳೆಯುವುದುಂಟು. ಕೊನೆಗೆ ಆ ಕಂತು ಕಟ್ಟುವವರು ಯಾರು? ಅಪ್ಪನೇ, ಅಲ್ವಾ?

ಇನ್ನು ಆ ಸಸ್ಪೆನ್ಷನ್. ಈ ಬೆಲೆಯ ಸೈಕಲ್‌ಗಳಲ್ಲಿ ಅದು ಹೆಚ್ಚಾಗಿ ಸ್ಪ್ರಿಂಗ್ ಹಾಕಿದ ಭಾರ, ಅಷ್ಟೆ. ನಿಮ್ಮೂರಿಂದ ಮಡಿಕೇರಿಗೆ ಸುಮಾರು 15 ಕಿ.ಮೀ., ಒಟ್ಟಾರೆ ಏರುದಾರಿ. ಎದ್ದು ನಿಂತು ತುಳಿದಾಗೆಲ್ಲ ಆ ಸ್ಪ್ರಿಂಗ್ ಕುಣಿದು ನಿಮ್ಮ ಶ್ರಮದಲ್ಲಿ ಪಾಲು ತಿನ್ನುತ್ತದೆ. ಮುಂದಿನ ಗಾಲಿ ಹಿಡಿಯುವ ಫೋರ್ಕ್ ಸ್ಪ್ರಿಂಗ್ ಇಲ್ಲದ ಗಟ್ಟಿಯದಿರಲಿ, 40 ಎಂ.ಎಂ. ಆಸುಪಾಸಿನ ಟಯರ್ ಇರಲಿ, ಗಾಳಿ ಸ್ವಲ್ಪ ಕಡಿಮೆ ಹಾಕಿ. ನಮ್ಮ ಗುಂಡಿಗಳಿಗೆ ಅದು ಸಾಕು.

ಅಂಗಡಿಯಲ್ಲಿ 21 ಗೇರ್, 24 ಗೇರ್ ಅಂತ ಎಣಿಸಿ ಹೇಳುತ್ತಾರೆ. ಅದಕ್ಕೆ ಮರುಳಾಗಬೇಡಿ, ಕೂತು ಹಲ್ಲು ಎಣಿಸಿ. ಚೈನ್ ಕೂರುವ ಹಲ್ಲಿನ ಚಕ್ರಗಳಲ್ಲಿ, ಮುಂದೆ ಪೆಡಲ್ ಹತ್ತಿರದ ಚಿಕ್ಕದಕ್ಕೆ 34 ಹಲ್ಲು, ಹಿಂದಿನ ಗಾಲಿಯ ದೊಡ್ಡದಕ್ಕೂ 34 ಇದ್ದರೆ ಪೆಡಲ್ ಒಂದು ಸುತ್ತಿಗೆ ಗಾಲಿಯೂ ಒಂದೇ ಸುತ್ತು. ಏರು ಹತ್ತಲು ಇಷ್ಟಾದರೂ ಬೇಕು. ಮುಂದಿನದು ಇನ್ನೂ ಚಿಕ್ಕದಿದ್ದರೆ, 28 ಅಥವಾ 24, ಮೊಣಕಾಲಿಗೆ ಇನ್ನೂ ಸುಖ.

ಬ್ರೇಕ್ ಡಿಸ್ಕ್ ಆಗಿರಲಿ. ಜೂನ್‌ನಿಂದ ನಮ್ಮಲ್ಲಿ ಮಳೆ ಹೇಗೆ ಹೊಡೆಯುತ್ತದೆ ಅಂತ ನಿಮಗೆ ನಾನು ಹೇಳಬೇಕೇ? ಗಾಲಿಯ ಅಂಚನ್ನೇ ರಬ್ಬರಿನಿಂದ ಒತ್ತುವ ರಿಮ್ ಬ್ರೇಕ್ ಮೊದಲು ನೀರು ಒರೆಸಿ ಆಮೇಲೆ ಹಿಡಿಯುತ್ತದೆ, ಇಳಿಜಾರಿನಲ್ಲಿ ಅಷ್ಟರೊಳಗೆ ತಿರುವು ಬಂದಿರುತ್ತದೆ. ಕೇಬಲ್ ಡಿಸ್ಕ್ ಸಾಕು, ಮನೆಯಲ್ಲೇ ಬಿಗಿ ಮಾಡಿಕೊಳ್ಳಬಹುದು.

22ರಲ್ಲಿ 4 ಸಾವಿರ ಮುಟ್ಟಬೇಡಿ. ಹೆಲ್ಮೆಟ್, ಬೀಗ, ಪಂಪ್, ಮಡ್‌ಗಾರ್ಡ್, ಮಂಜಿಗೆ ಹಗಲಲ್ಲೂ ಉರಿಸುವ ಹಿಂದಿನ ಕೆಂಪು ಲೈಟ್, ಜೊತೆಗೆ ಎರಡು ಟ್ಯೂಬ್. ನಿಮ್ಮ ಅಳತೆಯ ಟ್ಯೂಬ್ ಊರಿನ ಪಂಕ್ಚರ್ ಅಂಗಡಿಯಲ್ಲಿ ಇರುತ್ತೆ ಅಂತ ನಂಬಿ ಹೊರಡಬೇಡಿ. ಉಳಿದ 18ಕ್ಕೆ ಮೈಸೂರಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕಿ. ಬಿಲ್ ಕೇಳಿ, ಪೆಡಲ್ ಹತ್ತಿರ ಫ್ರೇಮ್ ಅಡಿಯಲ್ಲಿರುವ ನಂಬರ್ ಜೊತೆ ತಾಳೆ ನೋಡಿ, ಕದ್ದ ಮಾಲು ತಲೆಗೆ ಬರಬಾರದು. ವೆಲ್ಡಿಂಗ್ ಪಕ್ಕ ಬಿರುಕಿದ್ದರೆ ಎದ್ದು ಬನ್ನಿ. ಹಳೇ ಬಿಲ್ ತೋರಿಸಿ ಜಾಸ್ತಿ ಕೇಳಿದರೆ, 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ ಶೇ. 5ಕ್ಕೆ ಇಳಿದಿದೆ ಅಂತ ನೆನಪಿಸಿ.

ಮನೆ ವಿಷಯ. ದುಡ್ಡು ನಿಮ್ಮದು, ಅನುಮತಿ ಬೇಕಿಲ್ಲ. ಆದರೆ ಸೈಕಲ್ ಏನು ಜೇಬಲ್ಲಿ ಇಟ್ಕೊಳ್ಳೋ ವಸ್ತುವಾ? ತರುವ ಮುಂಚೆಯೇ ಹೇಳಿಬಿಡಿ. ಅಪ್ಪನಿಗೆ ದುಡ್ಡಿಗಿಂತ ಆ ರಸ್ತೆಯಲ್ಲಿ ನುಗ್ಗುವ ಟೂರಿಸ್ಟ್ ಗಾಡಿಗಳ ಭಯ ಇರಬಹುದು ಅಂತ ನನ್ನ ಗುಮಾನಿ. ಹಾಗಿದ್ದರೆ ಯಾವ ಹೊತ್ತಿಗೆ ಹೊರಡುತ್ತೀರಿ, ಯಾವ ದಾರಿ ಅಂತ ಹೇಳಿ. ಹಳೇ ಬೈಕಿನ ಮಾತು ಮತ್ತೆ ಬಂದರೆ ಪೆಟ್ರೋಲು, ಇನ್ಶೂರೆನ್ಸ್ ಯಾರ ಜೇಬಿಂದ ಅಂತ ನೀವೇ ಕೇಳಿ.