ಆಗ ಇಲ್ಲದ ಆಟಿಸಂ ಈಗ ಎಲ್ಲಿಂದ ಬಂತು?

ನಾಲ್ಕು ವರ್ಷದ ಮಗಳಿಗೆ ಆಟಿಸಂ ಎಂದು ವೈದ್ಯರು ಹೇಳಿದ್ದಾರೆ, ನಮ್ಮ ಬಾಲ್ಯದಲ್ಲಿ ಇಂಥ ಮಕ್ಕಳೇ ಇರಲಿಲ್ಲವಲ್ಲ, ಲಸಿಕೆ ಕಾರಣವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಆ ಭಯ ಹುಟ್ಟಿಸಿದ 1998ರ ಪ್ರಬಂಧವನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕಿನ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ಪರಿಶೀಲಿಸಿದಾಗಲೂ ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಾಣಲಿಲ್ಲ.

ಅಂಥ ಮಕ್ಕಳು ಆಗಲೂ ಇದ್ದರು. ಮಾತು ಬಾರದವರನ್ನು ಬುದ್ಧಿಮಾಂದ್ಯರೆಂದರು, ಮಾತು ಬಂದವರನ್ನು ಹಠಮಾರಿಗಳೆಂದೋ ಒಂಟಿ ಸ್ವಭಾವದವರೆಂದೋ ಕರೆದು ಸುಮ್ಮನಾದರು. ಆಮೇಲೆ ಆಟಿಸಂ ಗುರುತಿಸುವ ಮಾನದಂಡವೇ ಹಿಗ್ಗಿತು: 1994ರಲ್ಲಿ ಅಮೆರಿಕದ ಮನೋವೈದ್ಯರು ರೋಗ ಗುರುತಿಸಲು ಬಳಸುವ ಕೈಪಿಡಿಗೆ, ಮಾತು ಚೆನ್ನಾಗಿ ಬಂದರೂ ಇತರರೊಡನೆ ಬೆರೆಯಲು ಕಷ್ಟಪಡುವ ಆಸ್ಪರ್ಗರ್ ಎಂಬ ಬಗೆ ಸೇರಿತು. 2013ರಲ್ಲಿ ಆಟಿಸಂ, ಆಸ್ಪರ್ಗರ್ ಮುಂತಾದವೆಲ್ಲ ಆಟಿಸಂ ಸ್ಪೆಕ್ಟ್ರಮ್ ಎಂಬ ಒಂದೇ ಗುಂಪಾದವು. ಅಲ್ಲಿಯವರೆಗೆ ಆ ಕೈಪಿಡಿಯ ಪ್ರಕಾರ ಒಂದೇ ಮಗುವಿಗೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಯಾದ ಎಡಿಎಚ್‌ಡಿ, ಆಟಿಸಂ ಎರಡನ್ನೂ ಗುರುತಿಸುವಂತೆಯೇ ಇರಲಿಲ್ಲ! ಹೆಣ್ಣುಮಕ್ಕಳಂತೂ ಇತರರನ್ನು ಅನುಕರಿಸಿ ತಮ್ಮ ಕಷ್ಟವನ್ನು ಮುಚ್ಚಿಕೊಳ್ಳುವುದರಿಂದ ಎಷ್ಟೋ ಬಾರಿ ಲೆಕ್ಕಕ್ಕೇ ಬರುತ್ತಿರಲಿಲ್ಲ. 1980ರಿಂದ 1991ರವರೆಗೆ ಡೆನ್ಮಾರ್ಕಿನಲ್ಲಿ ಹುಟ್ಟಿದವರಲ್ಲಿ ಕಂಡ ಆಟಿಸಂ ಏರಿಕೆಯ ಸುಮಾರು ಶೇ. 60ರಷ್ಟಕ್ಕೆ ಮಾನದಂಡ ಮತ್ತು ದಾಖಲಾತಿಯ ಬದಲಾವಣೆಯೇ ಕಾರಣವೆಂದು ಲೆಕ್ಕಹಾಕಲಾಗಿದೆ.

ಏರಿಕೆಯೆಲ್ಲ ಬರೀ ಲೆಕ್ಕದ್ದು ಎಂದು ನಾನು ಹೇಳುವುದಿಲ್ಲ. ತಂದೆ ತಾಯಿಯ ವಯಸ್ಸು ಹೆಚ್ಚಿದಂತೆ ಸಾಧ್ಯತೆ ತುಸು ಏರುತ್ತದೆ. ಅವಧಿಗೆ ಬಹಳ ಮುಂಚೆ ಹುಟ್ಟಿದ ಮಕ್ಕಳು ಈಗ ಹೆಚ್ಚಾಗಿ ಬದುಕುಳಿಯುತ್ತಾರೆ, ಅವರಲ್ಲಿಯೂ ಆಟಿಸಂ ಹೆಚ್ಚು. ಆದರೂ ಒಂದು ಮಗುವಿಗೆ ಆಟಿಸಂ ಬರುವುದರಲ್ಲಿ ಅತಿ ದೊಡ್ಡ ಪಾಲು ವಂಶವಾಹಿಗಳದ್ದು.

ದಯವಿಟ್ಟು ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ. ವಾಕ್ ಚಿಕಿತ್ಸೆ ಇನ್ನೂ ಶುರುವಾಗಿಲ್ಲದಿದ್ದರೆ ಈ ವಾರವೇ ವಿಚಾರಿಸಿ, ಬಾಕಿ ಉಳಿದ ಲಸಿಕೆಗಳನ್ನೂ ಹಾಕಿಸಿ.